ನಕಲಿ ಗೊಂಬೆಗಳು

ಗೊಂಬೆಗಳನ್ನು ಸಂಗ್ರಹಿಸಿ ಜೋಪಾನವಾಗಿ ಕಾಪಾಡುವ ಹವ್ಯಾಸವು ನಮ್ಮ ನಾಡಿಗೆ ಹೊಸದಲ್ಲ. ನವರಾತ್ರಿ ಬಂದಿತೆಂದರೆ ಹಳೆಯ ಮೈಸೂರು ಪ್ರಾಂತದ ಅನೇಕ ಮನೆಗಳಲ್ಲಿ ಪಟ್ಟದ ಗೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತವೆ. ಆಟಕ್ಕೆಂದು ಕೊಂಡ ಗೊಂಬೆಯು ಮುರಿದರೆ ಮರೆತುಹೋಗುತ್ತದೆ. ಸಂಗ್ರಹಕ್ಕೆಂದು ತಂದ ಗೊಂಬೆಯು ತಲೆಮಾರುಗಳವರೆಗೆ ಬಾಳುತ್ತದೆ. ಇಂದು ಈ ಹವ್ಯಾಸವು ಜಗತ್ತಿನಾದ್ಯಂತ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಬೇಡಿಕೆ ಹೆಚ್ಚಿದ ಕಡೆಯಲ್ಲಿ ನಕಲಿ ವಸ್ತುವೂ ತಲೆಯೆತ್ತುತ್ತದೆ. ಗೊಂಬೆಗಳ ಲೋಕವೂ ಇದಕ್ಕೆ ಹೊರತಾಗಿಲ್ಲ.

ಲಬುಬು ಎಂಬ ಗೊಂಬೆಯ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಹಾಂಗ್‌ಕಾಂಗಿನಲ್ಲಿ ಹುಟ್ಟಿ ನೆದರ್ಲೆಂಡ್ಸ್ ದೇಶದಲ್ಲಿ ಬೆಳೆದ ಕಾಸಿಂಗ್ ಲುಂಗ್ ಎಂಬ ಕಲಾವಿದರು ಉತ್ತರ ಯೂರೋಪಿನ ಜನಪದ ಕಥೆಗಳಿಂದ ಸ್ಫೂರ್ತಿಗೊಂಡು, 2015ರಲ್ಲಿ ತಮ್ಮ ಚಿತ್ರಕಥೆಗಳಿಗಾಗಿ ಈ ಪಾತ್ರವನ್ನು ಸೃಷ್ಟಿಸಿದರು. ಮೊಲದಂತೆ ನಿಮಿರಿದ ಕಿವಿಗಳು, ಸಾಲುಗಟ್ಟಿದ ಚೂಪಾದ ಹಲ್ಲುಗಳು, ತುಂಟ ನಗೆ - ಇವು ಅದರ ಲಕ್ಷಣಗಳು. 2019ರಿಂದ ಚೀನದ ಪಾಪ್ ಮಾರ್ಟ್ ಸಂಸ್ಥೆಯು ಈ ಗೊಂಬೆಯನ್ನು ಮಾರಾಟಕ್ಕೆ ತಂದಿತು. ಬಹುಪಾಲು ಗೊಂಬೆಗಳನ್ನು ಮುಚ್ಚಿದ ಡಬ್ಬಿಗಳಲ್ಲಿ ಮಾರುತ್ತಾರೆ. ತೆರೆದು ನೋಡುವವರೆಗೆ ಒಳಗಿರುವ ಮಾದರಿ ಯಾವುದೆಂಬುದು ಕೊಂಡವನಿಗೆ ತಿಳಿಯದು. ವಿರಳವಾದ ಮಾದರಿ ದೊರೆಯಬಹುದೆಂಬ ಆಸೆಯಿಂದ ಜನರು ಮತ್ತೆ ಮತ್ತೆ ಕೊಳ್ಳುತ್ತಾರೆ. 2025ರ ಜೂನ್ ತಿಂಗಳಿನಲ್ಲಿ ಬೀಜಿಂಗ್ ನಗರದ ಹರಾಜಿನಲ್ಲಿ ಆಳೆತ್ತರದ ಒಂದು ಲಬುಬು 10 ಲಕ್ಷ 80 ಸಾವಿರ ಯುವಾನ್‌ಗಳಿಗೆ, ಎಂದರೆ ಒಂದು ಕೋಟಿ ರೂಪಾಯಿಗಳಿಗೂ ಮೀರಿದ ಬೆಲೆಗೆ, ಮಾರಾಟವಾಯಿತು.

ಅಸಲಿ ಗೊಂಬೆ ಎಲ್ಲರ ಕೈಗೂ ಎಟುಕದಾದಾಗ ಅದನ್ನೇ ಹೋಲುವ ನಕಲಿಗಳು ಅಗ್ಗದ ಬೆಲೆಗೆ ಮಾರುಕಟ್ಟೆಯಲ್ಲಿ ತುಂಬಿಕೊಂಡವು. ಜನರು ಇವುಗಳಿಗೆ 'ಲಫುಫು' ಎಂಬ ಅಡ್ಡಹೆಸರನ್ನೂ ಇಟ್ಟರು. 2025ರಲ್ಲಿ ಬ್ರಿಟನ್ನಿನ ಗಡಿಯಲ್ಲಿ ಅಧಿಕಾರಿಗಳು ವಶಪಡಿಸಿಕೊಂಡ ನಕಲಿ ಆಟಿಕೆಗಳ ಸಂಖ್ಯೆ ಎರಡೂವರೆ ಲಕ್ಷವನ್ನು ಮೀರಿತ್ತು. ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಈ ಗೊಂಬೆಯ ನಕಲಿಗಳೇ ಆಗಿದ್ದವು.

ನೋಡಲು ಒಂದೇ ರೀತಿ ಇರುವಾಗ ಕಡಿಮೆ ಬೆಲೆಯದನ್ನು ಕೊಂಡರೆ ತಪ್ಪೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯು ಇಲ್ಲಿ ನೆನಪಿಗೆ ಬರಬೇಕು. ನಕಲು ಮಾಡುವವನು ಗೊಂಬೆಯ ಆಕಾರವನ್ನು ಅನುಕರಿಸಬಲ್ಲನು, ಬಣ್ಣವನ್ನು ಅನುಕರಿಸಬಲ್ಲನು, ಡಬ್ಬಿಯ ಮೇಲಿನ ಅಕ್ಷರಗಳನ್ನೂ ಅನುಕರಿಸಬಲ್ಲನು. ಆದರೆ ಗೊಂಬೆಯ ಸುರಕ್ಷತೆಯು ಕಣ್ಣಿಗೆ ಕಾಣುವ ಗುಣವಲ್ಲ. ಅದು ಆಯ್ದ ಸಾಮಗ್ರಿಯಲ್ಲಿ, ಹೊಲಿಗೆಯ ಬಿಗಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಅಡಗಿದೆ. ತನ್ನ ಹೆಸರನ್ನೇ ಮರೆಮಾಡುವ ತಯಾರಕನು ಇವುಗಳಿಗಾಗಿ ಹಣ ವ್ಯಯಮಾಡುವುದಿಲ್ಲ. ಅನಾಹುತವಾದರೆ ಉತ್ತರ ಹೇಳಲು ಸಿಕ್ಕುವುದೂ ಇಲ್ಲ.

ನಕಲಿ ಗೊಂಬೆಯ ಮೊದಲನೆಯ ಅಪಾಯವು ಉಸಿರಿಗೆ ಸಂಬಂಧಿಸಿದುದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಆಟಿಕೆಯನ್ನು ಎಳೆದು, ತಿರುಚಿ, ಎತ್ತರದಿಂದ ಬೀಳಿಸಿ ನೋಡಿದ ಮೇಲೆ ಕಳಚಿಬಂದ ಯಾವುದೇ ತುಂಡು ಈ ಕೊಳವೆಯೊಳಗೆ ಪೂರ್ತಿಯಾಗಿ ಹಿಡಿಸಿದರೆ, ಅದು ಮಗುವಿನ ಗಂಟಲಿನಲ್ಲಿಯೂ ಸಿಕ್ಕಿಕೊಳ್ಳಬಲ್ಲದು. ಅಂತಹ ಆಟಿಕೆಯನ್ನು ತಿರಸ್ಕರಿಸುತ್ತಾರೆ. ನಕಲಿ ಲಬುಬುಗಳು ಸುಲಭವಾಗಿ ಕಳಚಿಹೋಗುತ್ತವೆಂದೂ, ಅವುಗಳ ಸಣ್ಣ ಭಾಗಗಳಿಂದ ಮಕ್ಕಳ ಉಸಿರು ಕಟ್ಟುವ ಅಪಾಯವಿದೆಯೆಂದೂ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2025ರ ಆಗಸ್ಟ್ ತಿಂಗಳಿನಲ್ಲಿ ಎಚ್ಚರಿಕೆ ನೀಡಿತು. ದೊಡ್ಡವರು ಚೀಲಕ್ಕೆ ತೂಗುಹಾಕಿಕೊಂಡ ಗೊಂಬೆಯು ಮನೆಯಲ್ಲಿ ತೆವಳುವ ಮಗುವಿನ ಬಾಯಿಗೆ ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಎರಡನೆಯ ಅಪಾಯವು ಕಣ್ಣಿಗೆ ಕಾಣದೆ ನಿಧಾನವಾಗಿ ಬರುವಂತಹುದು. ಬಣ್ಣಕ್ಕೆ ಹೊಳಪು ಬರಲೆಂದೂ ಅದು ಬೇಗ ಒಣಗಲೆಂದೂ ಸೀಸದ ಸಂಯುಕ್ತಗಳನ್ನು ಬೆರೆಸುವುದುಂಟು. ಹೊಟ್ಟೆ ಸೇರಿದ ಸೀಸವನ್ನು ಚಿಕ್ಕ ಮಕ್ಕಳ ದೇಹವು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದು ಬೆಳೆಯುತ್ತಿರುವ ಮಿದುಳಿಗೆ ಹಾನಿಯನ್ನುಂಟುಮಾಡಿ ಕಲಿಯುವ ಶಕ್ತಿಯನ್ನು ಕುಂದಿಸುತ್ತದೆ. ಇಷ್ಟು ಸೀಸವಾದರೆ ಬಾಧಕವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಇದರಂತೆಯೇ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಥಾಲೇಟ್ ಎಂಬ ರಾಸಾಯನಿಕಗಳನ್ನು ಸೇರಿಸುತ್ತಾರೆ. ಇವು ಪ್ಲಾಸ್ಟಿಕ್ಕಿನೊಡನೆ ಬಿಗಿಯಾಗಿ ಬೆಸೆದುಕೊಳ್ಳದೆ, ಮಗು ಚೀಪಿದಾಗ ಮೆಲ್ಲಮೆಲ್ಲನೆ ಹೊರಬರುತ್ತವೆ. ಇವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸವನ್ನು ಕೆಡಿಸಬಲ್ಲವಾದುದರಿಂದ ಅನೇಕ ದೇಶಗಳು ಆಟಿಕೆಗಳಲ್ಲಿ ಇವುಗಳಿಗೆ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಿವೆ.

ಅಸಲಿಯನ್ನು ಗುರುತಿಸುವ ಕೆಲವು ಲಕ್ಷಣಗಳುಂಟು. ಅಸಲಿ ಲಬುಬುವಿಗೆ ಸರಿಯಾಗಿ ಒಂಬತ್ತು ಹಲ್ಲುಗಳಿರುತ್ತವೆ. ಮುಖವು ತಿಳಿಯಾದ ಬಣ್ಣದ್ದಾಗಿರುತ್ತದೆ. ಡಬ್ಬಿಯ ಮೇಲೆ ಬೆಳಕಿಗೆ ಮಿನುಗುವ ಮುದ್ರೆಯಿರುತ್ತದೆ. ಹಲ್ಲುಗಳ ಸಂಖ್ಯೆ ಬೇರೆಯಾಗಿದ್ದರೆ, ಬಣ್ಣವು ಅತಿಯಾಗಿ ಗಾಢವಾಗಿದ್ದರೆ, ಬೆಲೆ ನಂಬಲಾಗದಷ್ಟು ಕಡಿಮೆಯಾಗಿದ್ದರೆ ಸಂಶಯಪಡಬೇಕು.

ನಮ್ಮ ದೇಶದಲ್ಲಿಯೂ ಈ ವಿಷಯದಲ್ಲಿ ಕಾನೂನಿನ ರಕ್ಷಣೆಯಿದೆ. 2019ರಲ್ಲಿ ಭಾರತೀಯ ಗುಣಮಟ್ಟ ಪರಿಷತ್ತು ಪರೀಕ್ಷಿಸಿದ ಆಮದು ಆಟಿಕೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುರಕ್ಷತೆಯ ಪರೀಕ್ಷೆಯಲ್ಲಿ ಸೋತವು. 2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗಾಗಿ ಮಾರುವ ಆಟಿಕೆಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಗುರುತು ಇರಬೇಕೆಂಬುದು ಕಡ್ಡಾಯವಾಯಿತು. ಗುರುತಿನೊಡನೆ ಪರವಾನಗಿಯ ಸಂಖ್ಯೆಯೂ ಇರುತ್ತದೆ. ಅದು ನಿಜವೇ ಎಂಬುದನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ತಯಾರಿಸಿದ ಆಟಿಕೆಗಳಿಗೂ, ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವುಗಳಿಗೂ ಈ ನಿಯಮದಿಂದ ವಿನಾಯಿತಿಯುಂಟು.

ದುಬಾರಿಯಾದ ಗೊಂಬೆಯನ್ನೇ ಕೊಳ್ಳಬೇಕೆಂದು ಇದರ ಅರ್ಥವಲ್ಲ. ಕಡಿಮೆ ಬೆಲೆಯ ಸುರಕ್ಷಿತ ಆಟಿಕೆಗಳು ಬೇಕಾದಷ್ಟಿವೆ. ಅಗ್ಗದ ವಸ್ತುವೆಲ್ಲ ನಕಲಿಯಲ್ಲ; ತನ್ನದಲ್ಲದ ಹೆಸರನ್ನು ಹೊತ್ತು ಬಂದುದೇ ನಕಲಿ. ಅಂತಹುದನ್ನು ಕೊಂಡಾಗ ಕಲಾವಿದನ ಪರಿಶ್ರಮಕ್ಕೆ ಅನ್ಯಾಯವಾಗುವುದರ ಜೊತೆಗೆ, ಏನೂ ಅರಿಯದ ಮಗುವೊಂದು ಅಪಾಯಕ್ಕೆ ಗುರಿಯಾಗುತ್ತದೆ. ಮಗುವಿಗೆ ಗುರುತನ್ನು ಓದಲು ಬಾರದು; ಓದಬಲ್ಲವರು ಅದಕ್ಕಾಗಿ ಓದಬೇಕು.