ಹಾಲಿಲ್ಲದ ಊಟ: ಒಂದು ಜಮಾ-ಖರ್ಚು

ಸಸ್ಯಾಹಾರದಲ್ಲಿಯೂ ಹಾಲು, ಮೊಸರು, ತುಪ್ಪಗಳನ್ನು ವರ್ಜಿಸುವ ‘ವೀಗನ್’ ಕ್ರಮವು ಕರೋಲ್ ಬಾಗ್‌ನಂತಹ ಬಡಾವಣೆಯ ಕನ್ನಡಿಗರ ಮನೆಗಳಿಗೂ ಕಾಲಿಡುತ್ತಿದೆ. ಇದರಿಂದ ದಿನಸಿಯ ವೆಚ್ಚವು ಇಳಿಯುವುದೋ ಏರುವುದೋ ಎಂಬುದನ್ನು ಅಂಕಿಗಳಿಂದ ಪರಿಶೀಲಿಸೋಣ.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ವಯಸ್ಕರೊಬ್ಬರಿಗೆ ದಿನಕ್ಕೆ 300 ಮಿ.ಲೀ. ಹಾಲನ್ನು ಸೂಚಿಸಿದೆ. ನಾಲ್ವರ ಸಂಸಾರಕ್ಕೆ ತಿಂಗಳಿಗೆ 36 ಲೀಟರ್. 2025ರ ಏಪ್ರಿಲ್ 30ರಂದು ಮದರ್ ಡೇರಿಯು ಟೋನ್ಡ್ ಹಾಲಿನ ಪೊಟ್ಟಣಕ್ಕೆ ನಿಗದಿಪಡಿಸಿದ ಲೀಟರಿಗೆ 57 ರೂಪಾಯಿಯಂತೆ ಇದು 2,052 ರೂಪಾಯಿಗಳಾಗುತ್ತದೆ.

ಒಂದು ಲೀಟರ್ ಹಾಲಿನ ಪ್ರೋಟೀನು ಸುಮಾರು 32 ಗ್ರಾಂ; 150 ಗ್ರಾಂ ತೊಗರಿಬೇಳೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಉಂಟು. ಅದರ ಕ್ಯಾಲ್ಸಿಯಂ, ಹಾಲಿನದರಷ್ಟು ಸುಲಭವಾಗಿ ಮೈಗೂಡದಿದ್ದರೂ, 350 ಗ್ರಾಂ ರಾಗಿಯಲ್ಲಿದೆ. ಕಿಲೋ ಬೇಳೆಗೆ 160, ರಾಗಿಗೆ 60 ರೂಪಾಯಿ ಎಂದು ಹಿಡಿದರೆ ಎರಡಕ್ಕೂ ಸೇರಿ 45 ರೂಪಾಯಿ; ಅಂದರೆ ಲೀಟರಿಗೆ 12 ರೂಪಾಯಿ ಉಳಿತಾಯ. ವಾಚಕರು ತಮ್ಮ ಅಂಗಡಿಯ ದರವನ್ನು ಹಾಕಿ ನೋಡಬಹುದು.

ಆದರೆ ಹಾಲಿನ ಸ್ಥಾನಕ್ಕೆ ಪೊಟ್ಟಣದ ಬಾದಾಮಿ ಹಾಲನ್ನು ತಂದರೆ ಲೆಕ್ಕವು ತಲೆಕೆಳಗಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದರ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿದಿದ್ದರೂ ಅದು ಹಾಲಿಗಿಂತ ಬಹಳ ದುಬಾರಿ, ಪ್ರೋಟೀನೂ ಅತ್ಯಲ್ಪ.

ಇನ್ನೊಂದು ಬಾಬ್ತನ್ನು ಮರೆಯಲಾಗದು. ಬಿ-12 ಜೀವಸತ್ವವು ಸಸ್ಯಜನ್ಯ ಆಹಾರದಿಂದ ದೊರೆಯದು. ಇದರ ಕೊರತೆಯಿಂದ ರಕ್ತಹೀನತೆಯೂ ನರದೌರ್ಬಲ್ಯವೂ ಉಂಟಾಗುತ್ತವೆ. ಆದುದರಿಂದ ಮಕ್ಕಳು, ಗರ್ಭಿಣಿಯರು, ವೃದ್ಧರಿರುವ ಮನೆಯವರು ವೈದ್ಯರನ್ನು ಕೇಳಿಯೇ ಹಾಲು ಬಿಡತಕ್ಕದ್ದು. ಉಳಿತಾಯದ ಮೊದಲ ಖರ್ಚು ಬಿ-12 ಮಾತ್ರೆಗೇ ಸಲ್ಲಬೇಕು.