ಹಲವು ಉಗ್ರಾಣಗಳಿಗೊಂದು ಹೆಬ್ಬಾಗಿಲು



ನಮ್ಮ ಅಹಮದಾಬಾದಿನ ಹಳೆಯ ಪೇಟೆಯಲ್ಲಿ ‘ಪೋಳ’ ಎಂಬ ಕೇರಿಗಳನ್ನು ನೀವೆಲ್ಲರೂ ಕಂಡಿದ್ದೀರಿ. ಈ ಮಾತಿನ ಮೂಲವು ಸಂಸ್ಕೃತದ ‘ಪ್ರತೋಲಿ’ ಎಂದು ಹೇಳುತ್ತಾರೆ; ಹೆಬ್ಬಾಗಿಲೆಂದು ಅದರ ಅರ್ಥ. ಒಳಗೆ ಕವಲೊಡೆದ ಓಣಿಗಳು, ಗೋಡೆಗೆ ಗೋಡೆ ತಾಗಿದ ಮನೆಗಳು. ಹೊರಗಿನವರಿಗೆ ಕಾಣುವುದು ಒಂದೋ ಎರಡೋ ಬಾಗಿಲುಗಳು ಮಾತ್ರ. ಹೊಸಬನು ಓಣಿಗಳ ಸುತ್ತುಬಳಸನ್ನೆಲ್ಲ ಅರಿಯಬೇಕಾಗಿಲ್ಲ. ಬಾಗಿಲಲ್ಲಿ ವಿಚಾರಿಸಿದರೆ ಸಾಕು. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹದೇ ಒಂದು ಏರ್ಪಾಡುಂಟು. ಅದಕ್ಕೆ ‘ಗೇಟ್‌ವೇ’ ಎಂದು ಹೆಸರು. ಅದನ್ನು ಕಟ್ಟುವ ಬಗೆ ಹೇಗೆ, ಕಾಯುವ ಬಗೆ ಹೇಗೆ ಎಂಬುದನ್ನು ಈಗ ನೋಡೋಣ.

ಮೊದಲು ಒಳಗಿನ ಮನೆಗಳ ವಿಚಾರ. 2006ರ ಆಗಸ್ಟ್ ತಿಂಗಳಿನಲ್ಲಿ ತಾಪಿ ನದಿಯ ಮಹಾಪೂರವು ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. ಅಂತಹ ದಿನ ಒಂದೇ ಕಪಾಟಿನಲ್ಲಿಟ್ಟ ಕಾಗದಪತ್ರಗಳ ಗತಿಯೇನೆಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಯಂತ್ರದಲ್ಲಿಟ್ಟ ಮಾಹಿತಿಗೂ ಅದೇ ಗತಿ. ಆದುದರಿಂದ ಮಾಹಿತಿಯನ್ನು ತುಣುಕುಗಳಾಗಿ ಹಲವು ಯಂತ್ರಗಳಿಗೆ ಹಂಚಿ, ಪ್ರತಿ ತುಣುಕಿಗೂ ಹಲವು ನಕಲುಗಳನ್ನಿಡುವ ಪದ್ಧತಿ ಬಂದಿತು. ಇದರಲ್ಲಿ ಹೆಸರಾದುದು ‘ಸೆಫ್’ ಎಂಬ ವ್ಯವಸ್ಥೆ. ಅಮೇರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಎಂಬ ಸಂಶೋಧಕರು ಸಂಗಡಿಗರೊಡನೆ ಇದನ್ನು ರಚಿಸಿ, 2006ರಲ್ಲಿ ಒಂದು ಪ್ರಬಂಧದ ಮೂಲಕ ವಿದ್ವಾಂಸರ ಮುಂದಿಟ್ಟರು. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯೂ 2013ರಿಂದ ಇದನ್ನು ಬಳಸುತ್ತಿದೆ.

ಸೆಫ್‌ನಲ್ಲಿ ಸಾಮಾನ್ಯವಾಗಿ ಪ್ರತಿ ತುಣುಕಿಗೂ ಮೂರು ನಕಲುಗಳು, ಮೂರು ಬೇರೆ ಬೇರೆ ಯಂತ್ರಗಳಲ್ಲಿರುತ್ತವೆ. ಯಾವ ತುಣುಕು ಎಲ್ಲಿದೆಯೆಂದು ಬರೆದಿಡುವ ದೊಡ್ಡ ಖಾತೆಪುಸ್ತಕವಿಲ್ಲ. ತುಣುಕಿನ ಹೆಸರಿನಿಂದಲೇ ಲೆಕ್ಕ ಹಾಕಿ ಸ್ಥಳವನ್ನು ಕಂಡುಕೊಳ್ಳುವ ಸೂತ್ರವೊಂದುಂಟು. ಒಂದು ಯಂತ್ರ ಕೆಟ್ಟರೆ, ಉಳಿದ ನಕಲಿನಿಂದ ಬೇರೊಂದು ಯಂತ್ರದಲ್ಲಿ ಹೊಸ ನಕಲು ತಾನಾಗಿ ಸಿದ್ಧವಾಗುತ್ತದೆ.

ಆದರೆ ನಿಮ್ಮ ಮನೆಯ ಫೋನಿಗೆ ಆ ಸೂತ್ರ ತಿಳಿಯದು. ಅದು ಬಲ್ಲುದು ವೆಬ್ಬಿನ ಮಾತು ಮಾತ್ರ: ‘ಇದನ್ನು ಇಡು’, ‘ಅದನ್ನು ಕೊಡು’, ‘ಇದನ್ನು ಅಳಿಸು’. ಹೀಗೆ ಕೇಳಿದರೆ ಹೀಗೆ ಉತ್ತರ ಕೊಡಬೇಕೆಂದು ಮೊದಲೇ ಗೊತ್ತುಪಡಿಸಿದ ಕರಾರಿಗೆ ‘ಎಪಿಐ’ ಎನ್ನುತ್ತಾರೆ. ಅಮೆಜಾನ್ ಕಂಪೆನಿಯು 2006ರ ಮಾರ್ಚ್‌ನಲ್ಲಿ ಆರಂಭಿಸಿದ ‘ಎಸ್3’ ಸೇವೆಯ ಕರಾರು ಕ್ರಮೇಣ ಎಲ್ಲೆಡೆ ರೂಢಿಗೆ ಬಂದಿತು. ಸೆಫ್‌ನ ಗೇಟ್‌ವೇ ಅದೇ ಕರಾರಿನ ಮಾತನ್ನು ಕೇಳಿ, ಒಳಗಿನ ಸೂತ್ರಕ್ಕೆ ತಿರುಗಿಸುವ ದುಭಾಷಿ.

ಇದನ್ನು ನಿಲ್ಲಿಸುವ ಕ್ರಮ ಹೀಗೆ. ಮೊದಲು ಸಂಗ್ರಹದ ಯಂತ್ರಗಳೆಲ್ಲ ಸರಿಯಾಗಿವೆಯೇ ಎಂದು ಪರೀಕ್ಷಿಸಬೇಕು. ಅನಂತರ ಗೇಟ್‌ವೇಯನ್ನು ಒಂದರಲ್ಲಲ್ಲ, ಎರಡು ಯಂತ್ರಗಳಲ್ಲಿ ಸ್ಥಾಪಿಸಿ, ಬಂದ ಕೋರಿಕೆಗಳನ್ನು ಎರಡಕ್ಕೂ ಹಂಚುವ ಏರ್ಪಾಡನ್ನು ಮುಂದಿಡಬೇಕು. ಗೇಟ್‌ವೇ ತನ್ನಲ್ಲಿ ಮಾಹಿತಿಯನ್ನು ಇಟ್ಟುಕೊಳ್ಳುವುದಿಲ್ಲವಾದುದರಿಂದ ಅದು ಕೆಟ್ಟರೆ ಏನೂ ನಷ್ಟವಾಗದು. ಆದರೆ ಇರುವ ಒಂದೇ ಬಾಗಿಲು ಮುಚ್ಚಿಹೋದರೆ ಒಳಗೆಲ್ಲ ಕ್ಷೇಮವಾಗಿದ್ದರೂ ಯಾರಿಗೂ ಪ್ರಯೋಜನವಿಲ್ಲ. ದಾರಿಯಲ್ಲಿ ಯಾರೂ ಓದದಂತೆ ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲಿ ನಡೆಸಬೇಕು. ಸಂಗ್ರಹದ ಯಂತ್ರಗಳಿಗೆ ಹೊರಗಿನಿಂದ ಬೇರೆ ದಾರಿಯನ್ನು ಬಿಡಕೂಡದು.

ಬಳಿಕ ಬರುವವರಿಗೆ ಕೀಲಿಗಳನ್ನು ಕೊಡಬೇಕು. ಒಬ್ಬೊಬ್ಬರಿಗೂ ಎರಡು: ಒಂದು ಹೆಸರು ಹೇಳುವ ಕೀಲಿ, ಇನ್ನೊಂದು ಗುಪ್ತ ಕೀಲಿ. ಗುಪ್ತ ಕೀಲಿಯನ್ನು ಎಂದಿಗೂ ಕಳುಹಿಸುವುದಿಲ್ಲ. ಅದರಿಂದ ಲೆಕ್ಕ ಹಾಕಿದ ಸಹಿಯನ್ನಷ್ಟೇ ಕೋರಿಕೆಯೊಡನೆ ಕಳುಹಿಸುತ್ತಾರೆ. ಬಾಗಿಲು ತಾನೂ ಅದೇ ಲೆಕ್ಕ ಹಾಕಿ ಎರಡನ್ನೂ ಹೋಲಿಸಿ ನೋಡುತ್ತದೆ. ಸಹಿಯಲ್ಲಿ ವೇಳೆಯೂ ಸೇರಿರುವುದರಿಂದ, ಗಡಿಯಾರವು 15 ನಿಮಿಷಗಳಿಗಿಂತ ಹೆಚ್ಚು ತಪ್ಪಿದ್ದರೆ ಕೋರಿಕೆಯನ್ನು ತಳ್ಳಿಹಾಕುತ್ತದೆ. ಕೊನೆಗೆ ಒಂದು ಕಡತವನ್ನಿಟ್ಟು, ಮರಳಿ ಪಡೆದು, ಎರಡೂ ಒಂದೇ ಎಂದು ನೋಡಬೇಕು. ಸಂಗ್ರಹದ ಒಂದು ಯಂತ್ರವನ್ನು ಬೇಕೆಂದೇ ನಿಲ್ಲಿಸಿ, ಆಗಲೂ ಅದು ದೊರೆಯುವುದೇ ಎಂದು ಪರೀಕ್ಷಿಸಬೇಕು.

ಇಲ್ಲೊಂದು ಮಾತನ್ನು ನೀವು ಚೆನ್ನಾಗಿ ಮನಗಾಣಬೇಕು. ಮೂರು ನಕಲುಗಳು ಯಂತ್ರದ ಕೇಡಿನಿಂದ ಕಾಪಾಡುತ್ತವೆ; ಮನುಷ್ಯನ ಕೇಡಿನಿಂದ ಕಾಪಾಡಲಾರವು. ಕೀಲಿಯುಳ್ಳವನು ಬಾಗಿಲಲ್ಲಿ ನಿಂತು ‘ಅಳಿಸು’ ಎಂದರೆ ಮೂರೂ ನಕಲುಗಳು ಒಟ್ಟಿಗೇ ಅಳಿಯುತ್ತವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಆದುದರಿಂದ ಓದುವವರಿಗೆ ಓದುವ ಅಧಿಕಾರವನ್ನಷ್ಟೇ ಕೊಡಬೇಕು. ಹಳೆಯ ರೂಪಗಳನ್ನು ಉಳಿಸಿಕೊಳ್ಳುವ ಏರ್ಪಾಡನ್ನು ಮೊದಲೇ ಮಾಡಬೇಕು. ಬೇರೆಡೆಯಲ್ಲಿಯೂ ಒಂದು ನಕಲನ್ನಿಡಬೇಕು.

ನಮ್ಮ ಶಾಲೆಯ ಹಳೆಯ ಸಂಚಿಕೆಗಳು ಇಂದಿಗೂ ಒಂದೇ ಕಪಾಟಿನಲ್ಲಿವೆ. ಹಿಂದಿನ ಮಕ್ಕಳು ಈ ಪರನಾಡಿನಲ್ಲಿ ಕುಳಿತು ಕನ್ನಡದಲ್ಲಿ ಬರೆದ ಮಾತುಗಳು ಅವುಗಳಲ್ಲಿವೆ. ಅವು ಹೋದರೆ ಯಾವ ಅಂಗಡಿಯಲ್ಲಿಯೂ ಸಿಗಲಾರವು. ಅಹಮದಾಬಾದು, ವಡೋದರಾ, ಸೂರತ್ ಈ ಮೂರು ಊರುಗಳಲ್ಲಿ ಒಂದೊಂದು ಸಂಗ್ರಹವನ್ನಿಟ್ಟು, ಗೇಟ್‌ವೇಗಳ ಮೂಲಕ ಒಂದರ ನಕಲು ಇನ್ನೊಂದಕ್ಕೆ ತಲಪುವಂತೆ ಮಾಡುವುದು ಈ ವಿದ್ಯೆಗೆ ಅಸಾಧ್ಯವಲ್ಲ. ಹಾಗಾದರೆ ಸೂರತ್ತಿನ ಕನ್ನಡ ಬಾಲಕಿಯೂ ಅವುಗಳನ್ನು ಓದಬಹುದು. ಆ ಬಾಗಿಲನ್ನು ಕಟ್ಟುವ ಕೈಗಳು ನಿಮ್ಮಲ್ಲಿಯೇ ಯಾರದಾದರೂ ಆಗಲಿ. ಕೀಲಿಯನ್ನು ಜೋಪಾನವಾಗಿ ಕಾಯುವ ಬುದ್ಧಿಯೂ ಅವರಿಗಿರಲಿ.