ಜಪಾನಿನ ಆರ್‌ಡಿ 350 ನಮ್ಮಲ್ಲಿ 'ರಾಜದೂತ್' ಆಗಿದ್ದು ಹೇಗೆ? ಬೇಗ ನಿಂತಿದ್ದು ಯಾಕೆ?

ಹಳೇ ಬೈಕ್ ಸಾಕಿಕೊಂಡವರ ಹತ್ತಿರ ಒಮ್ಮೆ 'ಆರ್‌ಡಿ' ಅಂದು ನೋಡಿ, ಮಾತು ಬೇಗ ಮುಗಿಯಲ್ಲ. ಈಗ ಆ ಗಾಡಿ ಸಿಗೋದೇ ಅಪರೂಪ. ಸಿಕ್ಕರೂ ಅಸಲಿಯೋ, ಬೇರೆ ಬೇರೆ ಗಾಡಿಯ ಭಾಗ ಜೋಡಿಸಿದ್ದೋ ಹೇಳೋದು ಕಷ್ಟ. ದುಡ್ಡು ಕೊಡುವ ಮುಂಚೆ ಅದರ ಪೂರ್ವಾಪರ ತಿಳಿದಿದ್ದರೆ ಒಳ್ಳೆಯದು.

ಜಪಾನಿನ ಯಮಹಾ ಕಂಪನಿ ಆರ್‌ಡಿ 350 ಅನ್ನು ಮಾರುಕಟ್ಟೆಗೆ ಬಿಟ್ಟಿದ್ದು 1973ರಲ್ಲಿ. 347 ಸಿಸಿ, ಎರಡು ಸಿಲಿಂಡರ್, ಟು-ಸ್ಟ್ರೋಕ್ ಎಂಜಿನ್. ಇದಕ್ಕೂ ಮೊದಲಿದ್ದ ಆರ್5 ಗಾಡಿಯಲ್ಲಿ ಇಲ್ಲದ ರೀಡ್ ವಾಲ್ವ್ ಇದರಲ್ಲಿ ಬಂತು. ಪೆಟ್ರೋಲ್-ಗಾಳಿ ಒಳಗೆ ಹೋಗುವಾಗ ತೆರೆದು, ವಾಪಸ್ ಬರದಂತೆ ಮುಚ್ಚಿಕೊಳ್ಳುವ ತೆಳು ತಗಡಿನ ಬಾಗಿಲು ಅಂದುಕೊಳ್ಳಿ. ಇದರಿಂದ ಕಡಿಮೆ ವೇಗದಲ್ಲೂ ಎಳೆತ ಚೆನ್ನಾಗಿತ್ತು. ಶಕ್ತಿ 39 ಎಚ್‌ಪಿ, ಆರು ಗೇರ್, ಮುಂದೆ ಡಿಸ್ಕ್ ಬ್ರೇಕ್. ಆದರೆ ಟು-ಸ್ಟ್ರೋಕ್ ಪೆಟ್ರೋಲ್ ಜೊತೆ ಆಯಿಲನ್ನೂ ಸುಡುತ್ತೆ. ಅಮೆರಿಕದಲ್ಲಿ ಹೊಗೆ ನಿಯಮ ಬಿಗಿಯಾಗುತ್ತಿದ್ದ ಕಾಲ ಅದು. 1976ಕ್ಕೆ ಆರ್‌ಡಿ 400 ಇದರ ಜಾಗಕ್ಕೆ ಬಂತು.

ಅಲ್ಲಿ ಮುಗಿದ ಕಥೆ ಇಲ್ಲಿ ಶುರುವಾಗಿದ್ದು 1983ರಲ್ಲಿ. ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ ಆರ್‌ಡಿ 350ಬಿ ಮಾದರಿಯನ್ನು ಆಧರಿಸಿ 'ರಾಜದೂತ್ 350' ತಯಾರಿಸಿತು. ರಾಜದೂತ್ ಅಂದ್ರೆ ನಮ್ಮ ಜನಕ್ಕೆ ಹಾಲಿನ ಕ್ಯಾನ್ ಹೊರುತ್ತಿದ್ದ 175 ಸಿಸಿ ಗಾಡಿಯೇ ನೆನಪು. ಅದು ಪೋಲೆಂಡ್ ಮೂಲದ್ದು, ಇದಕ್ಕೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ. ಆಗ ಬುಲೆಟ್ 350ಗೆ 18 ಎಚ್‌ಪಿ, ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ಗೆ 16. ಇದಕ್ಕೆ 30.5! ಆದರೆ ಇಲ್ಲಿ ಡಿಸ್ಕ್ ತೆಗೆದು ಡ್ರಮ್ ಬ್ರೇಕ್ ಹಾಕಿದ್ದರು. ಓಟ ಜಪಾನಿನದು, ಬ್ರೇಕ್ ಡ್ರಮ್ಮಿನದು. ಆರ್‌ಡಿ ಅಂದ್ರೆ 'ರ‍್ಯಾಪಿಡ್ ಡೆತ್' ಎಂಬ ಅಡ್ಡಹೆಸರು ಸುಮ್ಮನೆ ಬಂದಿದ್ದಲ್ಲ. ತಪ್ಪನ್ನೆಲ್ಲ ಎಂಜಿನ್ ಮೇಲೆ ಹೊರಿಸೋದು ಮಾತ್ರ ಸರಿಯಲ್ಲ.

ಇದರಲ್ಲಿ ಎರಡು ಬಗೆ. ಮೊದಲು ಬಂದಿದ್ದು ಎಚ್‌ಟಿ, ಅಂದ್ರೆ ಹೈ ಟಾರ್ಕ್. ಆಮೇಲಿನದು ಎಲ್‌ಟಿ, ಲೋ ಟಾರ್ಕ್. ಮೈಲೇಜ್ ಹೆಚ್ಚಿಸೋಕೆ ಶಕ್ತಿಯನ್ನು ಸುಮಾರು 27ಕ್ಕೆ ಇಳಿಸಿದರು. ಆದ್ರೂ ಪ್ರಯೋಜನ ಆಗಲಿಲ್ಲ. ಲೀಟರಿಗೆ 20-25 ಕಿ.ಮೀ. ಕೊಡುವ ಗಾಡಿಯನ್ನು ಸಂಬಳದವರು ಎಲ್ಲಿ ಸಾಕುತ್ತಾರೆ? ಅಷ್ಟರಲ್ಲಿ 1985ಕ್ಕೆ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಬಂತು. ಅದೇ ವರ್ಷ ಎಸ್ಕಾರ್ಟ್ಸ್ ಮನೆಯಿಂದಲೇ ಆರ್‌ಎಕ್ಸ್ 100 ಕೂಡ ಬಂತು. 98 ಸಿಸಿ, 11 ಎಚ್‌ಪಿ, ಹಗುರ ಗಾಡಿ. ಹುಡುಗರು ಅತ್ತ ವಾಲಿದರು. 80ರ ದಶಕ ಮುಗಿಯುವ ಹೊತ್ತಿಗೆ 350ರ ತಯಾರಿಕೆಯೂ ನಿಂತಿತು.

ಈಗ ಕೊಳ್ಳುವವರಿಗೆ ಎರಡು ಮಾತು. ಎಂಜಿನ್, ಚಾಸಿ ನಂಬರ್ ಎರಡೂ ಆರ್‌ಸಿ ಜೊತೆ ತಾಳೆ ಆಗಬೇಕು. ಎಲ್‌ಟಿಯನ್ನೇ ಎಚ್‌ಟಿ ಅಂತ ಮಾರುವವರಿದ್ದಾರೆ, ಹಾಗಾಗಿ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ. ಆಟೋಲೂಬ್ ಪಂಪ್ ಕೆಲಸ ಮಾಡುತ್ತಾ ನೋಡಿಸಿ. ಆಯಿಲ್ ಹೋಗದಿದ್ದರೆ ಪಿಸ್ಟನ್ ಜಾಮ್ ಆಗೋದು ಖಚಿತ.

ಇನ್ನು ಆರ್‌ಟಿಓ ವಿಚಾರ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. 'ವಿಂಟೇಜ್ ಅಂತ ನೋಂದಾಯಿಸಬಹುದಲ್ವಾ' ಅಂತ ಕೇಳುವವರಿದ್ದಾರೆ. ಕೇಂದ್ರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ತುಂಬಿರಬೇಕು. ಅಂದ್ರೆ 1983ರ ಮೊದಲ ಗಾಡಿಗಳಿಗೂ 2033ರವರೆಗೆ ಕಾಯಬೇಕು. ಆಮೇಲೂ ಆ ನಂಬರ್ ಪ್ಲೇಟ್ ಹಾಕಿಕೊಂಡು ದಿನಾ ಸಂತೆಗೆ ಹೋಗುವಂತಿಲ್ಲ, ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ ಅವಕಾಶ.